ಕೂಡಿಸುವ ಹೆಸರು: ಸಂತ ಜೋಸೆಫ್ ವಾಜ್

ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಜೋಸೆಫ್, ಜುಜೆ ಎಂಬ ಹೆಸರುಗಳು ಚಿರಪರಿಚಿತ. ಇವುಗಳ ಮೂಲ ಹೀಬ್ರೂ ಭಾಷೆಯ ಯೋಸೇಫ್. ಆದಿಕಾಂಡದ 30ನೆಯ ಅಧ್ಯಾಯದಂತೆ, ಬಹುಕಾಲ ಬಂಜೆಯೆನಿಸಿದ್ದ ರಾಖೇಲಳು ತನ್ನ ಚೊಚ್ಚಲ ಮಗನಿಗೆ ಈ ಹೆಸರನ್ನಿಟ್ಟಳು. ಅಲ್ಲಿ ಧ್ವನಿಯಲ್ಲಿ ಹೋಲುವ ಎರಡು ಹೀಬ್ರೂ ಧಾತುಗಳು ಜೊತೆಗೂಡಿವೆ: ಒಂದರ ಅರ್ಥ ತೆಗೆದುಹಾಕು, ಇನ್ನೊಂದರದು ಕೂಡಿಸು. ದೇವರು ಆಕೆಯ ನಿಂದೆಯನ್ನು ತೆಗೆದುಹಾಕಿದರು. ಮತ್ತೊಬ್ಬ ಮಗನನ್ನು ಕೂಡಿಸಲೆಂದು ಆಕೆ ಬೇಡಿದಳು. ಬೇಡಿಕೆ ಈಡೇರಿತು, ಆದರೆ ಬೆನ್ಯಾಮೀನನನ್ನು ಹೆತ್ತು ಆಕೆ ಪ್ರಾಣಬಿಟ್ಟಳು. ಕೂಡಿಸುವಿಕೆಗೆ ತೆರಬೇಕಾದ ಬೆಲೆಯೂ ಆ ಹೆಸರಿನ ಕಥೆಯಲ್ಲಿಯೇ ಅಡಗಿದೆ.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್‌ರು ಈ ಹೆಸರನ್ನು ಬಾಳಿ ತೋರಿಸಿದರು. 1676ರಲ್ಲಿ ಯಾಜಕದೀಕ್ಷೆ ಪಡೆದ ಅವರು, ಮರುವರ್ಷ ಸಾಂಕವಾಳದಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟರು. 1681ರಿಂದ 1684ರವರೆಗೆ ನಮ್ಮ ಕೆನರಾ ಸೀಮೆಯಲ್ಲಿ ಸೇವೆಗೈದರು. ಪೋರ್ಚುಗೀಸ್ ದೊರೆಯ ಪದ್ರುವಾದೊ ಹಾಗೂ ರೋಮಿನ ಪ್ರೊಪಗಾಂಡ ಎಂಬೆರಡು ಅಧಿಕಾರಗಳ ವಿವಾದದಿಂದ ಇಲ್ಲಿನ ಭಕ್ತಜನರು ಒಡೆದಿದ್ದ ಕಾಲವದು. ಆ ಒಡಕಿನ ನಡುವೆ ಅವರು ಶಾಂತಿಗಾಗಿ ಶ್ರಮಿಸಿದರು.

ಸಿಲೋನಿನ ಸ್ಥಿತಿ ಇನ್ನೂ ಕಠಿಣವಾಗಿತ್ತು. 1658ರಲ್ಲಿ ಜಾಫ್ನಾವನ್ನು ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಬಲಿಪೂಜೆಯಿಲ್ಲದೆ, ಪಾಪನಿವೇದನೆಗೆ ಗುರುಗಳಿಲ್ಲದೆ ಒಂದು ತಲೆಮಾರು ಬೆಳೆದಿತ್ತು. 1687ರಲ್ಲಿ ವಾಜ್‌ರು ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ತಲುಪಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸಂದೇಹಕ್ಕೊಳಗಾಗಿ ಸೆರೆಯನ್ನೂ ಅನುಭವಿಸಿದರು. ಮುಂದೆ ಅದೇ ರಾಜ್ಯದಲ್ಲಿ ಅವರಿಗೆ ಧರ್ಮಪ್ರಚಾರದ ಸ್ವಾತಂತ್ರ್ಯ ದೊರೆಯಿತು. 1697ರಲ್ಲಿ ಸಿಡುಬು ಹಬ್ಬಿದಾಗ, ಮನೆಯವರೇ ತೊರೆದ ರೋಗಿಗಳನ್ನು ಮತಭೇದವೆಣಿಸದೆ ಉಪಚರಿಸಿದರು. ಬಿಷಪರ ಪದವಿಯನ್ನು ಒಲ್ಲೆನೆಂದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ನಿಧನರಾದರು. 1995ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಸ್ನಾನದೀಕ್ಷೆಯ ಆರಂಭದಲ್ಲಿ ಮಗುವಿಗೆ ಯಾವ ಹೆಸರಿಡುವಿರೆಂದು ಗುರುಗಳು ತಂದೆತಾಯಿಯರನ್ನು ಕೇಳುತ್ತಾರೆ. ಹೆಸರು ಮಗುವಿನ ಸ್ವಭಾವವನ್ನು ನಿರ್ಧರಿಸದು. ಅದನ್ನು ಸಾರ್ಥಕಗೊಳಿಸುವುದು ಬದುಕು. ಜೋಸೆಫ್ ಎಂದು ಉತ್ತರಿಸುವ ಹೆತ್ತವರು, ಒಡೆದುದನ್ನು ಕೂಡಿಸುವ ಹೊಣೆಯನ್ನೂ ಮಗುವಿಗೆ ಕಲಿಸಲಿ.