ಅರ್ಧ ಗಂಟೆಯ ಊಟ: ಬಿ. ಪಿ. ವಾಡಿಯಾ

ಬೆಂಗಳೂರಿನ ಬಸವನಗುಡಿಯಿಂದ ಬಂದ ಗೆಳೆಯರಿಗೆ ಬಿ. ಪಿ. ವಾಡಿಯಾ ರಸ್ತೆ ಗೊತ್ತಿರುತ್ತದೆ. ಗಾಂಧಿ ಬಜಾರಿನಲ್ಲಿ ದೋಸೆ ತಿಂದು ಆ ಕಡೆ ಅಡ್ಡಾಡಿದವರೂ ನಮ್ಮಲ್ಲಿ ಇದ್ದಾರೆ. ಆದರೆ ಈ ವಾಡಿಯಾ ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಅವರು ಹೆಸರು ಮಾಡಿದ್ದು ನಾವೀಗ ಓದುತ್ತಿರುವ ಇದೇ ಊರಿನಲ್ಲಿ. ನಮ್ಮ ವೇಲಚೇರಿಗೆ ಹತ್ತಿರದ ಅಡ್ಯಾರೇ ಅವರ ನೆಲೆಯಾಗಿತ್ತು. ಕಾರ್ಮಿಕರ ಕೂಲಿಯ ಬಗ್ಗೆ ಸರ್ಕಾರ ಹೊರಡಿಸುವ ಅಂಕಿ-ಅಂಶಗಳನ್ನು ಪರೀಕ್ಷೆಗಾಗಿ ಉರು ಹೊಡೆಯುವ ನಾವು ಒಮ್ಮೆ ಅವರ ಬದುಕನ್ನೂ ನೋಡಬೇಕು.

ಬಹಮನ್ ಪೆಸ್ತನ್‌ಜಿ ವಾಡಿಯಾ 1881ರಲ್ಲಿ ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿದರು. ಥಿಯಾಸಫಿಯ ಸೆಳೆತದಿಂದ ಅಡ್ಯಾರಿಗೆ ಬಂದು, ಆನಿ ಬೆಸೆಂಟರ ಪತ್ರಿಕೆಯ ಕೆಲಸಕ್ಕೆ ಹೆಗಲು ಕೊಟ್ಟರು. 1917ರಲ್ಲಿ ಹೋಂ ರೂಲ್ ಚಳವಳಿಗಾಗಿ ಬೆಸೆಂಟ್, ಅರುಂಡೇಲ್ ಅವರ ಜೊತೆ ಇವರನ್ನೂ ಸರ್ಕಾರ ಬಂಧನದಲ್ಲಿಟ್ಟಿತು.

ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳಿದ್ದವು. 1918ರಲ್ಲಿ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜಲು ನಾಯ್ಡು ಎಂಬಿಬ್ಬರು ಅಲ್ಲಿನ ಕೆಲಸಗಾರರ ಗೋಳನ್ನು ವಾಡಿಯಾ ಅವರಿಗೆ ತಂದು ಹೇಳಿದರು. ಯುದ್ಧಕಾಲ, ಅಕ್ಕಿ, ಬಟ್ಟೆ ಎರಡೂ ದುಬಾರಿ. ಆದರೂ ಮೊದಲು ಎದ್ದ ದೂರು ಕೂಲಿಯದಲ್ಲ, ಊಟದ ಹೊತ್ತಿನದು. ದಿನವಿಡೀ ದುಡಿಯುವವನಿಗೆ ನಡುವೆ ಸಿಗುತ್ತಿದ್ದದ್ದು ಬರೀ 30 ನಿಮಿಷ. ಸಾವಿರಾರು ಜನ ಅಷ್ಟರಲ್ಲೇ ಕೈ ತೊಳೆದು, ಉಂಡು, ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ಅದೇನು ಊಟವೇ? ಕೂಲಿಯ ಪಟ್ಟಿ ಎಷ್ಟು ನೋಡಿದರೂ ಈ ಸಂಗತಿ ಕಾಣುತ್ತಿರಲಿಲ್ಲ.

1918ರ ಏಪ್ರಿಲ್ 27ರಂದು ಮದ್ರಾಸ್ ಕಾರ್ಮಿಕ ಸಂಘ ಹುಟ್ಟಿತು. ವಾಡಿಯಾ ಅಧ್ಯಕ್ಷರಾದರು. ಭಾರತದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘಗಳಲ್ಲಿ ಇದೂ ಒಂದು. 1919ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿ ಬಂದರು.

ಆಮೇಲೆ ಪೆಟ್ಟು ಬಿತ್ತು. 1920ರ ಲಾಕೌಟಿನ ಹೊತ್ತಿಗೆ ಗಿರಣಿ ನಡೆಸುತ್ತಿದ್ದ ಬಿನ್ನಿ ಕಂಪನಿ ಅವರ ಮೇಲೆ ಮದ್ರಾಸ್ ಹೈಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದಿತು. ಸಂಘ ಕಟ್ಟುವವರಿಗೆ ರಕ್ಷಣೆ ಕೊಡುವ ಕಾನೂನು ಆಗ ಇರಲಿಲ್ಲ. ವಾಡಿಯಾ ಸಂಘವನ್ನೇ ಬಿಡಬೇಕಾಯ್ತು. ಈ ಪ್ರಕರಣ ದೇಶದ ಕಣ್ಣು ತೆರೆಸಿತು. 1921ರಲ್ಲಿ ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ವಿಷಯ ಎತ್ತಿದರು. 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಏಟು ತಿಂದವರು ಒಬ್ಬರು, ನೆರಳು ಸಿಕ್ಕಿದ್ದು ಎಲ್ಲರಿಗೂ.

ಸರ್ಕಾರದ ಎಣಿಕೆ ಬೆಳೆದದ್ದೂ ಈ ಗದ್ದಲದ ಕಾಲದಲ್ಲೇ. ಮುಂಬಯಿಯ ಕಾರ್ಮಿಕ ಕಚೇರಿ 1921ರಲ್ಲಿ ಶುರುವಾಯ್ತು. ಮದ್ರಾಸಿನ ಕಾರ್ಮಿಕ ಕುಟುಂಬಗಳ ಖರ್ಚಿನ ಲೆಕ್ಕ ಹಿಡಿದು, 1935-36ನ್ನು ಮೂಲ ವರ್ಷವಾಗಿಟ್ಟು ಜೀವನವೆಚ್ಚದ ಸೂಚ್ಯಂಕ ತಯಾರಾಯ್ತು. 1946ರಲ್ಲಿ ಕೇಂದ್ರದ ಲೇಬರ್ ಬ್ಯೂರೋ ಬಂತು. ತುಟ್ಟಿಭತ್ಯೆ ಏರುವುದು ಇಂಥ ಸೂಚ್ಯಂಕ ಹಿಡಿದೇ ಅಲ್ವೇ? ಬೆಲೆ ನೋಡದೆ ಕೂಲಿ ಹೆಚ್ಚಾಯ್ತು ಅನ್ನುವುದು ಅರ್ಧ ಸತ್ಯ. ದುಡಿದ ಗಂಟೆ, ರಜೆ, ಭವಿಷ್ಯನಿಧಿ ಕೇಳದಿದ್ದರೆ ಇನ್ನೂ ಕಡಿಮೆ ಸತ್ಯ. 2017ರಲ್ಲಿ ಶುರುವಾದ ಕಾರ್ಮಿಕ ಬಲದ ಸಮೀಕ್ಷೆಯಲ್ಲಿ ಸಂಪಾದನೆಯ ಜೊತೆ ಲಿಖಿತ ಕರಾರು ಉಂಟೇ, ಸಂಬಳ ಸಹಿತ ರಜೆ ಉಂಟೇ ಅಂತಲೂ ಕೇಳಿದರು. ಪೆರಂಬೂರಿನವರು ಎತ್ತಿದ್ದೂ ಇದೇ ಜಾತಿಯ ಪ್ರಶ್ನೆ.

ವಾಡಿಯಾ 1922ರಲ್ಲಿ ಅಡ್ಯಾರಿನ ಸೊಸೈಟಿಯನ್ನೂ ಬಿಟ್ಟರು. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಭಾರತಕ್ಕೆ ಮರಳಿ, 1945ರಲ್ಲಿ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದರು. ಅಲ್ಲಿನ ವಾಚನಾಲಯದಲ್ಲಿ ಕೂತು ಓದಿದ ಕನ್ನಡಿಗರಿಗೆ ಲೆಕ್ಕವಿಲ್ಲ. 1958ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಪೆರಂಬೂರಿನ ಆ ಗಿರಣಿಗಳು 1996ರಲ್ಲಿ ಮುಚ್ಚಿದವು. ಆದರೆ ನಮ್ಮ ಹಾಸ್ಟೆಲಿನ ಅಡಿಗೆಯವರಿಗೆ, ವೇಲಚೇರಿಯ ಮನೆಗೆಲಸದವರಿಗೆ, ಅಂಗಡಿಯ ಹುಡುಗರಿಗೆ ಊಟಕ್ಕೆ ಎಷ್ಟು ಹೊತ್ತು ಸಿಗುತ್ತೆ? ಹಾಜರಿ ಪುಸ್ತಕವೂ ಸಂಬಳದ ಚೀಟಿಯೂ ಇಲ್ಲದವರ ಲೆಕ್ಕ, ಯಾರಾದರೂ ಹೋಗಿ ಕೇಳಿದರೆ ಮಾತ್ರ ಕಾಗದಕ್ಕೆ ಏರುತ್ತದೆ. ಅರ್ಥಶಾಸ್ತ್ರ ಓದುವ ಮಿತ್ರರೇ, ಮೊದಲು ಹೋಗಿ ಕೇಳಿ; ಕೋಷ್ಟಕ ಆಮೇಲೆ ಹಾಕೋಣ.