ಗುಂಯ್ ಸದ್ದಿನ ಬೆನ್ನು ಹತ್ತಿದ ರೇಡಿಯೊ ಮೆಕ್ಯಾನಿಕ್

ಗಿಟಾರ್ ನುಡಿಸಲು ಬಾರದ ಮನುಷ್ಯರೊಬ್ಬರು ಜಗತ್ತಿನ ಗಿಟಾರ್ ಸಂಗೀತದ ದನಿಯನ್ನೇ ಬದಲಿಸಿದರು ಎಂದರೆ ನಂಬುತ್ತೀರಾ? ಅವರು ಲಿಯೋ ಫೆಂಡರ್. ಟೆಲಿಕಾಸ್ಟರ್, ಸ್ಟ್ರಾಟೊಕಾಸ್ಟರ್ ಗಿಟಾರ್‌ಗಳಿಂದಾಗಿ ಅವರ ಹೆಸರು ಬಹಳ ಮಂದಿಗೆ ಗೊತ್ತು. ಆದರೆ ಅವರ ಕೆಲಸ ಶುರುವಾದದ್ದು ರೇಡಿಯೊ ರಿಪೇರಿಯಿಂದ. ಇವತ್ತಿಗೂ ಮನೆಯಲ್ಲಿ ವಾಲ್ವ್ ಆಂಪ್ಲಿಫೈಯರ್ ಕಟ್ಟಲು ಹೊರಡುವ ಅನೇಕರು ಮೊದಲು ಕೈಗೆತ್ತಿಕೊಳ್ಳುವುದು ಅವರ ಸರ್ಕ್ಯೂಟನ್ನೇ. ಕಟ್ಟಿ ಮುಗಿಸಿ ಸ್ವಿಚ್ ಹಾಕಿದರೆ ಎಷ್ಟೋ ಸಲ ಗಿಟಾರ್‌ಗಿಂತ ಮೊದಲು ಕೇಳಿಸುವುದು ‘ಗುಂಯ್’ ಎಂಬ ಸದ್ದು. ಆ ಸದ್ದು ಎಲ್ಲಿಂದ ಬರುತ್ತದೆ, ಅದನ್ನು ಹುಡುಕುವುದು ಹೇಗೆ ಎಂದು ತಿಳಿಯಲು ಫೆಂಡರ್ ಅವರ ಬದುಕೇ ಒಂದು ಒಳ್ಳೆಯ ಪಾಠ.

ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ತಂದೆ ತಾಯಿ ಕಿತ್ತಳೆ ತೋಟ ಮಾಡಿಕೊಂಡಿದ್ದರು. ಎಂಟನೇ ವಯಸ್ಸಿನಲ್ಲಿ ಗೆಡ್ಡೆಯ ಕಾರಣಕ್ಕೆ ಒಂದು ಕಣ್ಣು ಹೋಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣು. ವಾಹನಗಳ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಬಂಧುವೊಬ್ಬರು ಕಳಿಸಿದ ಹಳೆಯ ಬಿಡಿಭಾಗಗಳು, ಅವರ ಅಂಗಡಿಯಲ್ಲಿ ಕೇಳಿದ ರೇಡಿಯೊದ ಗಟ್ಟಿ ದನಿ ಹುಡುಗನಿಗೆ ಹುಚ್ಚು ಹಿಡಿಸಿದವು. ಶಾಲೆಯಲ್ಲಿದ್ದಾಗಲೇ ಮನೆಯಲ್ಲಿ ರೇಡಿಯೊ ಬಿಚ್ಚಿ ಕಟ್ಟುವ ಕೆಲಸ ನಡೆಯುತ್ತಿತ್ತು.

ವಿಚಿತ್ರವೆಂದರೆ ಕಾಲೇಜಿನಲ್ಲಿ ಅವರು ಓದಿದ್ದು ಲೆಕ್ಕಪತ್ರ. ಇಂಜಿನಿಯರಿಂಗ್ ಪದವಿ ಇರಲೇ ಇಲ್ಲ. ಅಕೌಂಟೆಂಟ್ ಆಗಿ ಕೆಲಸಕ್ಕೆ ಸೇರಿದರು; ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಆ ಕೆಲಸವೂ ಹೋಯಿತು. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್‌ಟನ್ ಪಟ್ಟಣದಲ್ಲಿ ‘ಫೆಂಡರ್ ರೇಡಿಯೊ ಸರ್ವಿಸ್’ ಎಂಬ ಅಂಗಡಿ ತೆರೆದರು. ಕೆಟ್ಟ ರೇಡಿಯೊಗಳ ಜೊತೆ ಊರಿನ ವಾದ್ಯಗಾರರ ಆಂಪ್ಲಿಫೈಯರ್‌ಗಳೂ ರಿಪೇರಿಗೆ ಬರತೊಡಗಿದವು. ಯಾವ ಕಂಪನಿಯ ಪೆಟ್ಟಿಗೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅವರು ಕಲಿತದ್ದು ಈ ರಿಪೇರಿ ಮೇಜಿನ ಮೇಲೆ.

ಅಂಥ ಮೇಜಿಗೆ ಸಾಮಾನ್ಯವಾಗಿ ಬರುವ ದೂರುಗಳಲ್ಲಿ ಗುಂಯ್‌ಗುಡುವಿಕೆಯೂ ಒಂದು. ಅದರ ಮೂಲ ಗೋಡೆಯ ಪ್ಲಗ್ಗಿನಲ್ಲೇ ಇದೆ. ಅಮೆರಿಕದ ವಿದ್ಯುತ್ ದಿಕ್ಕು ಬದಲಿಸುತ್ತ ಸೆಕೆಂಡಿಗೆ 60 ಆವರ್ತಗಳಲ್ಲಿ ಹರಿಯುತ್ತದೆ, ನಮ್ಮಲ್ಲಿ 50. ವಾಲ್ವ್‌ಗೆ ಬೇಕಾದದ್ದು ಮುನ್ನೂರು ವೋಲ್ಟ್ ಮೀರಿದ ನೇರ ವಿದ್ಯುತ್. ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಸೆಕೆಂಡಿಗೆ 120 ಅಲೆಗಳು (ನಮ್ಮಲ್ಲಿ 100) ಉಳಿಯುತ್ತವೆ. ಅವುಗಳನ್ನು ಸಮ ಮಾಡುವುದು ಫಿಲ್ಟರ್ ಕೆಪಾಸಿಟರ್‌ಗಳ ಕೆಲಸ. ವಯಸ್ಸಾಗಿ ಅವು ಒಣಗಿದರೆ ಅಲೆಗಳು ನೇರ ಸ್ಪೀಕರ್‌ಗೆ ನುಗ್ಗುತ್ತವೆ. ಇನ್ನೊಂದು ದಾರಿಯೂ ಇದೆ. ವಾಲ್ವ್‌ನ ಒಳಗಿನ ಹೀಟರ್ ತಂತಿಗೆ 6.3 ವೋಲ್ಟ್‌ನ ಎ.ಸಿ. ಕೊಡುತ್ತಾರೆ. ಆ ವೈರು ಗಿಟಾರ್ ಸಿಗ್ನಲ್ಲಿನ ವೈರಿನ ಪಕ್ಕ ಹಾದರೆ ಮೂಲ ಆವರ್ತದ ದಪ್ಪ ಗುಂಯ್ ಸದ್ದು ಒಳಸೇರುತ್ತದೆ. ಮೊದಲ ವಾಲ್ವ್‌ನಲ್ಲಿ ಸೇರಿದ ಚೂರು ಗದ್ದಲವನ್ನೂ ಮುಂದಿನ ಹಂತಗಳು ಗಿಟಾರಿನ ದನಿಯಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತವೆ.

1945ರಲ್ಲಿ ಡಾಕ್ ಕಾಫ್ಮನ್ ಎಂಬ ಗೆಳೆಯರ ಜೊತೆಗೂಡಿ ಫೆಂಡರ್ ಸ್ಟೀಲ್ ಗಿಟಾರ್, ಆಂಪ್ಲಿಫೈಯರ್ ತಯಾರಿಸತೊಡಗಿದರು. ಮರುವರ್ಷ ಗೆಳೆಯರು ಹಿಂದೆ ಸರಿದಾಗ ಸ್ವಂತ ಕಂಪನಿ ಕಟ್ಟಿದರು. ಅವರ ಆಂಪ್ ಬಿಚ್ಚಿ ನೋಡಿದರೆ ರಿಪೇರಿಯವರ ಕೈ ಎದ್ದು ಕಾಣುತ್ತದೆ. ರೆಸಿಸ್ಟರ್, ಕೆಪಾಸಿಟರ್‌ಗಳೆಲ್ಲ ಒಂದೇ ಹಲಗೆಯ ಮೇಲೆ ಸಾಲಾಗಿ ಕೂತಿರುತ್ತವೆ. ಯಾವುದು ಕೆಟ್ಟರೂ ಬೆಸುಗೆ ಬಿಚ್ಚಿ ಬದಲಿಸಬಹುದು. ಅವರ ದೊಡ್ಡ ಆಂಪ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಒಂದು ತುದಿಯಲ್ಲಿದ್ದರೆ ಗಿಟಾರ್ ಚುಚ್ಚುವ ಜಾಕ್ ಇನ್ನೊಂದು ತುದಿಯಲ್ಲಿ. ಗದ್ದಲ ಮಾಡುವವರನ್ನೂ ನಾಜೂಕಿನವರನ್ನೂ ದೂರದೂರ ಕೂರಿಸುವ ಉಪಾಯ ಇದು. ಜೊತೆಗೆ ಆ ಆಂಪ್‌ಗಳಲ್ಲಿ ಎರಡು ಔಟ್‌ಪುಟ್ ವಾಲ್ವ್‌ಗಳು ಎದುರುಬದುರಾಗಿ ದುಡಿಯುತ್ತವೆ. ಎರಡಕ್ಕೂ ಸಮನಾಗಿ ಬರುವ ವಿದ್ಯುತ್ತಿನ ಅಲೆಗಳು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ಇವರ ಅತಿ ಚಿಕ್ಕ ಆಂಪ್ ‘ಚಾಂಪ್’. ಕಲಿಯುವವರಿಗಾಗಿ ಮಾಡಿದ್ದು. 1950ರ ದಶಕದ ಅದರ 5ಎಫ್1 ಸರ್ಕ್ಯೂಟಿನಲ್ಲಿ ಮೂರೇ ವಾಲ್ವ್: 12ಎಎಕ್ಸ್7, 6ವಿ6 ಮತ್ತು ರೆಕ್ಟಿಫೈಯರ್ 5ವೈ3. ಶಕ್ತಿ ಸುಮಾರು 5 ವ್ಯಾಟ್. ಮನೆಯಲ್ಲಿ ಕಟ್ಟುವವರ ಮೊದಲ ಆಯ್ಕೆ ಇದೇ. ಔಟ್‌ಪುಟ್ ವಾಲ್ವ್ ಒಂದೇ ಇರುವುದರಿಂದ ಇಲ್ಲಿ ಅಲೆಗಳು ಅಳಿಸಿಹೋಗುವುದಿಲ್ಲ. ಆದ್ದರಿಂದ ಸ್ಪೀಕರ್‌ಗೆ ಕಿವಿ ಇಟ್ಟಾಗ ತುಸು ಗುಂಯ್ ಎಂದರೆ ಗಾಬರಿ ಬೇಡ. ಕೋಣೆಯ ಆಚೆಗೂ ಕೇಳಿಸಿದರೆ ಮಾತ್ರ ಹುಡುಕಬೇಕು.

ಹುಡುಕುವ ದಾರಿ ರೇಡಿಯೊ ಅಂಗಡಿಗಳ ಕಾಲದ್ದೇ. ಸಿಕ್ಕಿದ ಭಾಗವನ್ನೆಲ್ಲ ಬದಲಿಸುವ ಮೊದಲು ಕಿವಿಗೊಡಬೇಕು. ಗಿಟಾರ್ ಕೇಬಲ್ ಕಿತ್ತರೆ ಸದ್ದು ನಿಂತಿತೇ? ಹಾಗಾದರೆ ದೋಷ ಗಿಟಾರಿನಲ್ಲೋ ಕೇಬಲ್ಲಿನಲ್ಲೋ ಇದೆ. ವಾಲ್ಯೂಮ್ ಏರಿಸಿದಂತೆ ಸದ್ದೂ ಏರಿದರೆ ಅದು ಮೊದಲ ಹಂತದಲ್ಲೇ ಸೇರುತ್ತಿದೆ. ಹೀಟರ್ ವೈರುಗಳನ್ನು ಜಡೆಯಂತೆ ಬಿಗಿಯಾಗಿ ಹೆಣೆದು ಮೂಲೆಗೆ ಸರಿಸಿ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಸದ್ದು ಬದಲಾಗದಿದ್ದರೆ ಸ್ವಿಚ್ ಆರಿಸಿ, 12ಎಎಕ್ಸ್7 ಕಿತ್ತು, ಮತ್ತೆ ಹಚ್ಚಿ. ಆಗಲೂ ಗುಂಯ್ ಎಂದರೆ ಫಿಲ್ಟರ್ ಕೆಪಾಸಿಟರ್ ಇಲ್ಲವೇ ಔಟ್‌ಪುಟ್ ಹಂತದ ಮೇಲೆ ಅನುಮಾನ ಪಡಬೇಕು. ಇದ್ಯಾವುದೂ ಅಲ್ಲವಾದರೆ ಗ್ರೌಂಡ್ ವೈರುಗಳು ಷಾಸಿಯ ಮೇಲೆ ಎಲ್ಲೆಲ್ಲಿ ಕೂತಿವೆ ಎಂದು ನೋಡಿ. ಕೆಪಾಸಿಟರಿನ ಒರಟು ಕರೆಂಟೂ ಗಿಟಾರಿನ ಸಿಗ್ನಲ್ಲೂ ಒಂದೇ ಗ್ರೌಂಡ್ ವೈರಿನಲ್ಲಿ ಓಡಾಡಬಾರದು.

ಗಿಟಾರಿನ ಪಿಕಪ್ ಕೂಡ ಗೋಡೆಯ ವೈರು, ಟ್ರಾನ್ಸ್‌ಫಾರ್ಮರ್‌ಗಳ ಗದ್ದಲ ಹಿಡಿಯುವ ಸುರುಳಿಯೇ. 1957ರಲ್ಲಿ ಫೆಂಡರ್ ತಮ್ಮ ಪ್ರಿಸಿಷನ್ ಬಾಸ್ ಗಿಟಾರಿನ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದರ ಸುತ್ತು ಮತ್ತು ಅಯಸ್ಕಾಂತವನ್ನು ಇನ್ನೊಂದಕ್ಕೆ ವಿರುದ್ಧವಾಗಿ ಇಟ್ಟರು. ತಂತಿಯ ನಾದ ಉಳಿಯಿತು, ಗುಂಯ್ ಸದ್ದು ಅಳಿಯಿತು. ಇದೇ ತತ್ವದ ಜೋಡಿ ಸುರುಳಿಯ ಪಿಕಪ್ಪನ್ನು ಗಿಬ್ಸನ್ ಕಂಪನಿಯ ಸೆತ್ ಲವರ್ ಅದಕ್ಕೂ ಮೊದಲೇ ರೂಪಿಸಿದ್ದರು. ಆದರೆ ಫೆಂಡರ್ ತಮ್ಮ ಸ್ಟ್ರಾಟೊಕಾಸ್ಟರಿನಲ್ಲಿ ಒಂಟಿ ಸುರುಳಿಯನ್ನೇ ಮುಂದುವರಿಸಿದರು. ಅದರ ಗರಿಗರಿ ದನಿಗಾಗಿ ಇವತ್ತಿನ ವಾದಕರೂ ತುಸು ಗದ್ದಲವನ್ನು ಸಹಿಸಿಕೊಳ್ಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಫೆಂಡರ್ ಕಾಲದ ಆಂಪ್‌ಗಳನ್ನು ಕಣ್ಣುಮುಚ್ಚಿ ನಕಲು ಮಾಡಬಾರದು. ಆಗ ಅಮೆರಿಕದಲ್ಲಿ ಎರಡು ಪಿನ್ನಿನ ಪ್ಲಗ್ ಬಳಕೆಯಲ್ಲಿತ್ತು. ಷಾಸಿಗೂ ಕರೆಂಟ್ ವೈರಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್, ಅದನ್ನು ಯಾವ ವೈರಿಗೆ ಜೋಡಿಸಬೇಕೆಂದು ಆರಿಸಲು ಒಂದು ಸ್ವಿಚ್. ಸ್ವಿಚ್ ತಿರುಗಿಸಿದರೆ ಗುಂಯ್ ಸದ್ದೇನೋ ಇಳಿಯುತ್ತಿತ್ತು. ಆದರೆ ಆ ಕೆಪಾಸಿಟರ್ ಒಳಗೇ ಷಾರ್ಟ್ ಆದರೆ ಷಾಸಿಗೆ, ಅಲ್ಲಿಂದ ಗಿಟಾರ್ ತಂತಿಗೆ ಕರೆಂಟ್ ಬರಬಹುದು. ಅರ್ಥಿಂಗ್ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಜೀವ ಕಳೆದುಕೊಂಡರು. ಸದ್ದು ಕಡಿಮೆಯಾಗಲೆಂದು ಅರ್ಥ್ ಪಿನ್ ಕೀಳುವ ಚಾಳಿ ನಮ್ಮಲ್ಲೂ ಇದೆ. ನಮ್ಮದು 230 ವೋಲ್ಟ್. ಪ್ಲಗ್ ಕಿತ್ತ ಮೇಲೂ ಆಂಪಿನೊಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕಬೇಕು. ಮೊದಲ ಸಲವಾದರೆ ಬಲ್ಲವರೊಬ್ಬರು ಪಕ್ಕದಲ್ಲಿರಲಿ.

ಫೆಂಡರ್ ತಮ್ಮ ಕಂಪನಿಯ ಉತ್ತುಂಗದಲ್ಲಿದ್ದಾಗ ಆರೋಗ್ಯ ಕೈಕೊಟ್ಟಿತು. ಬಿಡದೆ ಕಾಡುವ ಸೋಂಕಿನಿಂದ ತಾವಿನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದುಕೊಂಡು 1965ರಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರ್‌ಗೆ ಮಾರಿದರು. ಆಮೇಲೆ ಬೇರೆ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಯಿತು! ಅಷ್ಟು ಹೊತ್ತಿಗೆ ತಮ್ಮ ಹೆಸರೇ ಬೇರೆಯವರ ಸ್ವತ್ತು. ಬೇಕಾದಷ್ಟು ದುಡ್ಡಿತ್ತು, ಸುಮ್ಮನೆ ಕೂರಬಹುದಿತ್ತು. ಅವರು ಮತ್ತೆ ಮೇಜಿಗೆ ಮರಳಿದರು. ಮೊದಲು ಮ್ಯೂಸಿಕ್ ಮ್ಯಾನ್ ಕಂಪನಿ, ಆಮೇಲೆ ಜಾರ್ಜ್ ಫುಲ್ಲರ್‌ಟನ್ ಜೊತೆಗೂಡಿ ಜಿ ಅಂಡ್ ಎಲ್. ಪಾರ್ಕಿನ್‌ಸನ್ ಕಾಯಿಲೆ ಬಂದ ಮೇಲೂ ಕೆಲಸ ಬಿಡಲಿಲ್ಲ. 1991ರ ಮಾರ್ಚ್ 21ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು.

ಅವರ ‘ಬಾಸ್‌ಮನ್’ ಆಂಪಿನ ಸರ್ಕ್ಯೂಟನ್ನೇ ಆಧಾರವಾಗಿಟ್ಟುಕೊಂಡು ಲಂಡನ್ನಿನ ಜಿಮ್ ಮಾರ್ಷಲ್ 1960ರ ದಶಕದಲ್ಲಿ ತಮ್ಮ ಮೊದಲ ಆಂಪ್ ಕಟ್ಟಿಸಿದರು. ರಾಕ್ ಸಂಗೀತದ ಅಬ್ಬರ ಅಲ್ಲಿಂದ ಇನ್ನೊಂದು ಮಜಲಿಗೆ ಹೋಯಿತು. ಇಂಜಿನಿಯರಿಂಗ್ ಸೀಟು ಸಿಗಲಿಲ್ಲವೆಂದು, ಓದಿದ್ದು ಕಾಮರ್ಸ್ ಎಂದು ಕೊರಗುವವರು ಫುಲ್ಲರ್‌ಟನ್ನಿನ ಈ ಅಕೌಂಟೆಂಟನ್ನು ನೆನೆಯಬೇಕು. ಬೇರೆಯವರ ಕೆಟ್ಟ ಪೆಟ್ಟಿಗೆಗಳನ್ನು ತಾಳ್ಮೆಯಿಂದ ಬಿಚ್ಚಿ, ಕಿವಿಗೊಟ್ಟು ಕಲಿತ ವಿದ್ಯೆ ಅವರದು. ನಿಮ್ಮ ಮೇಜಿನ ಮೇಲಿನ ಆಂಪ್ ಗುಂಯ್ ಎನ್ನುತ್ತಿದ್ದರೆ ಬೇಸರ ಬೇಡ. ಅರ್ಥ್ ಪಿನ್ ಹಾಗೇ ಇರಲಿ, ವಾಲ್ಯೂಮ್ ಸೊನ್ನೆಗೆ ಇಳಿಸಿ, ಮೊದಲು ಕೇಳಿಸಿಕೊಳ್ಳಿ.