ಟಾಂಟೊ ಪಾತ್ರಧಾರಿ ಜೇ ಸಿಲ್ವರ್‌ಹೀಲ್ಸ್

ನಾಟಕದಲ್ಲಿ ರಾಜನ ವೇಷ ಕಟ್ಟಿದವನನ್ನು ಮರುದಿನ ಬೆಳಿಗ್ಗೆ ಊರಿನವರು ರಾಜನೆಂದು ಕರೆಯುವುದಿಲ್ಲ. ಆಳಿನ ವೇಷ ಕಟ್ಟಿದವನನ್ನು ಮಾತ್ರ ಬದುಕಿರುವ ತನಕ ಅದೇ ಹೆಸರಿನಿಂದ ಕೂಗುವುದುಂಟು. ಅಮೆರಿಕದ ದೂರದರ್ಶನದ ಆರಂಭದ ದಿನಗಳಲ್ಲಿ ಇಂಥದೇ ಪಾಡು ಒಬ್ಬ ಒಳ್ಳೆಯ ನಟನಿಗೆ ಬಂದಿತು. ಆತನನ್ನು ದೇಶವೆಲ್ಲ ಗುರುತಿಸುತ್ತಿತ್ತು. ಆದರೆ ಟಾಂಟೊ ಎಂದು ಗುರುತಿಸುತ್ತಿತ್ತು. ಆತನ ಹೆಸರು ಜೇ ಸಿಲ್ವರ್‌ಹೀಲ್ಸ್.

ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ, ಬ್ರ್ಯಾಂಟ್‌ಫರ್ಡ್ ಪಟ್ಟಣಕ್ಕೆ ಸಮೀಪವಾಗಿ, ಗ್ರ್ಯಾಂಡ್ ಎಂಬ ನದಿಯ ಮಗ್ಗುಲಲ್ಲಿ ಆರು ಕುಲಗಳ ಮೂಲನಿವಾಸಿಗಳಿಗೆ ಮೀಸಲಾದ ನೆಲವಿದೆ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಪಕ್ಷ ವಹಿಸಿ ತಮ್ಮ ನಾಡನ್ನು ಕಳೆದುಕೊಂಡವರಿಗೆ 1784ರಲ್ಲಿ ಈ ಪ್ರದೇಶವನ್ನು ಕೊಡಲಾಯಿತು. ಕೊಟ್ಟದ್ದರಲ್ಲಿ ಬಹುಭಾಗ ಮುಂದೆ ಕೈಬಿಟ್ಟು ಹೋಯಿತು. ಈ ನೆಲದಲ್ಲಿ 1912ರ ಮೇ 26ರಂದು ಮೊಹಾಕ್ ಕುಲದಲ್ಲಿ ಹೆರಾಲ್ಡ್ ಸ್ಮಿತ್ ಎಂಬ ಮಗು ಹುಟ್ಟಿತು. ತಂದೆಯು ಮೊದಲನೆಯ ಮಹಾಯುದ್ಧದಲ್ಲಿ ಕೆನಡಾ ಸೈನ್ಯದ ಅಧಿಕಾರಿಯಾಗಿ ಹೋರಾಡಿ ಶೌರ್ಯಪದಕ ಪಡೆದಿದ್ದನು. ಆದರೆ ಅದೇ ಮೀಸಲು ನೆಲದ ಸಾಮಾನ್ಯ ಜನರಿಗೆ ತಮ್ಮ ಕುಲದ ಹಕ್ಕುಗಳನ್ನು ಬಿಟ್ಟುಕೊಡದೆ ದೇಶದ ಸಂಸತ್ತಿಗೆ ಮತ ಹಾಕುವ ಅಧಿಕಾರ ದೊರೆತದ್ದು 1960ರಲ್ಲಿ. ಇಂಥ ಮಾನ ಮತ್ತು ಅವಮಾನಗಳ ನಡುವೆ ಬಾಲಕನು ಬೆಳೆದನು.

ಆ ಜನರಲ್ಲಿ ಲಕ್ರಾಸ್ ಎಂಬ ಆಟವುಂಟು. ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು, ಓಡಿ, ಎಸೆದು ಗುರಿ ಸೇರಿಸಬೇಕು. ಅವರ ಪಾಲಿಗೆ ಇದು ಬರಿಯ ಆಟವಲ್ಲ, ದೇವರ ಪ್ರೀತಿಗಾಗಿ ಆಡುವಂಥದು. ರೋಗ ನೀಗಲೆಂದು ಆಡುವುದೂ ಉಂಟು. 1931ರಲ್ಲಿ ಇದನ್ನು ಮುಚ್ಚಿದ ಅಂಗಣಗಳಲ್ಲಿ ಹಣ ಕೊಟ್ಟು ನೋಡುವ ಪಂದ್ಯವಾಗಿ ಆಡಿಸತೊಡಗಿದಾಗ ತರುಣ ಸ್ಮಿತ್ ಟೊರಾಂಟೊ ನಗರದ ತಂಡವನ್ನು ಸೇರಿದನು. ಬಳಿಕ ಅಮೆರಿಕದ ಬಫೆಲೊ, ರಾಚೆಸ್ಟರ್ ಮುಂತಾದ ಊರುಗಳಲ್ಲಿಯೂ ಆಡಿದನು. ಸಿಲ್ವರ್‌ಹೀಲ್ಸ್, ಎಂದರೆ ಬೆಳ್ಳಿಯ ಹಿಮ್ಮಡಿಗಳು, ಎಂಬ ಹೆಸರು ಆತನ ಓಟದ ವೇಗದಿಂದ ಬಂದುದೆಂದು ಹೇಳುತ್ತಾರೆ. ಮುಷ್ಟಿಯುದ್ಧದಲ್ಲಿಯೂ ಆತನು ಒಳ್ಳೆಯ ಪಟುವೆನಿಸಿದನು.

1937ರಲ್ಲಿ ತಂಡವು ಕ್ಯಾಲಿಫೋರ್ನಿಯಾ ಕಡೆಗೆ ಹೋಗಿದ್ದಾಗ ಜೋ ಇ. ಬ್ರೌನ್ ಎಂಬ ಹಾಸ್ಯನಟನ ಕಣ್ಣು ಈ ಎತ್ತರದ ಆಳಿನ ಮೇಲೆ ಬಿದ್ದಿತು. ಚಲನಚಿತ್ರದಲ್ಲಿ ಕೈಹಾಕುವಂತೆ ಆತನು ಪ್ರೋತ್ಸಾಹಿಸಿದನು. ಆದರೆ ಹಾಲಿವುಡ್ಡಿನ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. ಸುಮಾರು ಹತ್ತು ವರ್ಷ ಆತನು ಗುಂಪಿನಲ್ಲೊಬ್ಬನಾಗಿ, ಕುದುರೆಯಿಂದ ಬೀಳುವವನಾಗಿ, ಹೆಸರಿಲ್ಲದ ಯೋಧನಾಗಿ ದುಡಿದನು. 1947ರ ಕ್ಯಾಪ್ಟನ್ ಫ್ರಮ್ ಕ್ಯಾಸ್ಟೈಲ್, 1948ರ ಕೀ ಲಾರ್ಗೊ ಎಂಬ ಚಿತ್ರಗಳಲ್ಲಿ ಸಣ್ಣ ಪಾತ್ರಗಳು ದೊರೆತವು.

ಆಗ ಬಂದುದು ದಿ ಲೋನ್ ರೇಂಜರ್. ಇದು 1933ರಲ್ಲಿ ಡೆಟ್ರಾಯಿಟ್ ನಗರದ ಆಕಾಶವಾಣಿಯಲ್ಲಿ ಆರಂಭವಾಗಿ ಜನಪ್ರಿಯವಾಗಿದ್ದ ಕಥಾಮಾಲೆ. ಟೆಕ್ಸಾಸಿನ ಆರು ಮಂದಿ ರಕ್ಷಕರು ದರೋಡೆಕೋರರ ಮೋಸಕ್ಕೆ ಸಿಕ್ಕುತ್ತಾರೆ, ಐವರು ಸಾಯುತ್ತಾರೆ. ಗಾಯಗೊಂಡು ಉಳಿದ ಒಬ್ಬನನ್ನು ಟಾಂಟೊ ಎಂಬ ಮೂಲನಿವಾಸಿ ಶುಶ್ರೂಷೆ ಮಾಡಿ ಬದುಕಿಸುತ್ತಾನೆ. ಉಳಿದವನು ಮುಖವಾಡ ಧರಿಸಿ, ಬಿಳಿಯ ಕುದುರೆಯೇರಿ, ದುಷ್ಟರನ್ನು ನ್ಯಾಯಕ್ಕೊಪ್ಪಿಸುತ್ತ ಸಂಚರಿಸುತ್ತಾನೆ. ಟಾಂಟೊ ಅವನ ಸಂಗಾತಿ. ಆಕಾಶವಾಣಿಯಲ್ಲಿ ಟಾಂಟೊವಿಗೆ ದನಿ ಕೊಟ್ಟವನು ಜಾನ್ ಟಾಡ್ ಎಂಬ ಬಿಳಿಯ ವೃದ್ಧ. ದನಿಗೆ ಬಣ್ಣವಿಲ್ಲ, ಆದರೆ ದೂರದರ್ಶನಕ್ಕೆ ಮುಖ ಬೇಕಾಯಿತು. ಆ ಮುಖ ಸಿಲ್ವರ್‌ಹೀಲ್ಸನದಾಯಿತು.

1949ರ ಸೆಪ್ಟೆಂಬರ್ 15ರಂದು ಮೊದಲ ಸಂಚಿಕೆ ಪ್ರಸಾರವಾಯಿತು. ನಮ್ಮ ದೇಶದಲ್ಲಿ ದೆಹಲಿಯಿಂದ ದೂರದರ್ಶನದ ಮೊದಲ ಪ್ರಯೋಗ ನಡೆದದ್ದು ಸರಿಯಾಗಿ ಹತ್ತು ವರ್ಷಗಳ ತರುವಾಯ, 1959ರ ಅದೇ ದಿನ. ಲೋನ್ ರೇಂಜರ್ 1957ರ ವರೆಗೆ ನಡೆದು 221 ಸಂಚಿಕೆಗಳನ್ನು ಕಂಡಿತು. ಅದರ ಹಿಂದೆಯೇ ಗನ್‌ಸ್ಮೋಕ್, ಬೊನಾಂಜಾ ಮುಂತಾದ ಕಥಾಮಾಲೆಗಳು ಸಾಲಾಗಿ ಬಂದು ಅಮೆರಿಕದ ಮನೆಮನೆಯಲ್ಲಿ ಕುದುರೆಯ ಖುರಪುಟ ಕೇಳುವಂತಾಯಿತು.

ಈ ಹಳೆಯ ಸಂಚಿಕೆಗಳಲ್ಲಿ ಕೆಲವನ್ನು ಕಳೆದ ರಜೆಯಲ್ಲಿ ನಾನು ಮೊಬೈಲಿನಲ್ಲಿ ನೋಡಿದೆನು. ಅವುಗಳ ಸೊಗಸನ್ನು ಅಲ್ಲಗಳೆಯಲಾರೆ. ನಾಯಕನು ಕೊಲ್ಲುವುದಕ್ಕೆ ಗುಂಡು ಹಾರಿಸುವುದಿಲ್ಲ. ವೈರಿಯ ಕೈಯ ಕೋವಿಯನ್ನಷ್ಟೇ ಬೀಳಿಸುತ್ತಾನೆ. ಕೃತಜ್ಞತೆಯನ್ನೂ ಕಾಯದೆ ಹೊರಟುಹೋಗುತ್ತಾನೆ. ಅರ್ಧ ಗಂಟೆಯಲ್ಲಿ ಧರ್ಮಕ್ಕೆ ಜಯ ದೊರೆಯುತ್ತದೆ. ಬಯಲಾಟ ನೋಡಿ ಬೆಳೆದವರಿಗೆ ಇದು ಪರಿಚಿತವಾದ ಸುಖವೇ. ಆದರೆ ಟಾಂಟೊ ಬಾಯಿ ತೆರೆದಾಗ ಮನಸ್ಸು ತಡೆಯುತ್ತದೆ. ವಿಭಕ್ತಿಯಿಲ್ಲದ, ಕ್ರಿಯಾಪದ ಸರಿಯಿಲ್ಲದ, ಮಗುವಿನ ತೊದಲಿನಂಥ ಇಂಗ್ಲಿಷನ್ನು ಬರೆದವರು ಆತನ ಬಾಯಲ್ಲಿಟ್ಟಿದ್ದರು. ಟಾಂಟೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ದಡ್ಡನೆಂದು ಅರ್ಥ. ಸುದ್ದಿ ತರಲು ಪಟ್ಟಣಕ್ಕೆ ಹೋಗುವವನು ಅವನೇ; ಅಲ್ಲಿ ಪೆಟ್ಟು ತಿನ್ನುವವನೂ ಅವನೇ. ನಮ್ಮ ನಾಟಕಗಳಲ್ಲಿಯೂ ನಾಯಕನು ಪುಸ್ತಕದ ಭಾಷೆಯನ್ನಾಡುವಾಗ ಆಳು ಹಳ್ಳಿಯ ಮಾತಾಡಿ ನಗಿಸುವುದುಂಟು. ನಮ್ಮ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು. ನನ್ನ ತಾಯಿ ಆಡುವ ಮಾತನ್ನೇ ರಂಗದ ಮೇಲೆ ಕೇಳಿ ಎಲ್ಲರೊಡನೆ ನಕ್ಕು, ಯಾರನ್ನು ಕುರಿತು ನಗುತ್ತಿದ್ದೇನೆಂದು ಆಮೇಲೆ ಯೋಚಿಸಿದ್ದುಂಟು. ಸಿಲ್ವರ್‌ಹೀಲ್ಸ್ ಆ ಮಾತುಗಳನ್ನು ಎಂಟು ವರ್ಷ ಆಡಬೇಕಾಯಿತು. ಆತನ ಹುಟ್ಟೂರಿನ ಬಳಿಯ ಬ್ರ್ಯಾಂಟ್‌ಫರ್ಡಿನಲ್ಲಿ 1970ರ ವರೆಗೆ ನಡೆದ ವಸತಿಶಾಲೆಯೊಂದರಲ್ಲಿ, ತಾಯ್ನುಡಿಯಾಡಿದ ಮೂಲನಿವಾಸಿ ಮಕ್ಕಳಿಗೆ ದಂಡನೆಯಿತ್ತೆಂಬುದನ್ನು ನೆನೆದರೆ ವಿಪರ್ಯಾಸ ಇನ್ನೂ ಕಹಿಯಾಗುತ್ತದೆ: ಸ್ವಂತ ನುಡಿ ಆಡಿದರೆ ಪೆಟ್ಟು, ಪರನುಡಿಯನ್ನು ತಪ್ಪಾಗಿ ಆಡಿದರೆ ಸಂಬಳ.

ಆದರೂ ನಟನು ತನ್ನ ಕೆಲಸವನ್ನು ಕೆಡಿಸಲಿಲ್ಲ. ಮಾತು ಮುರಿದದ್ದಾದರೂ ನಿಲುವು ನೇರವಾಗಿತ್ತು. ಕುದುರೆಯ ಮೇಲೆ ಕುಳಿತ ಭಂಗಿಯಲ್ಲಿ, ಮೌನವಾಗಿ ನೋಡುವ ಕಣ್ಣುಗಳಲ್ಲಿ ಒಂದು ಘನತೆಯಿತ್ತು. 1952ರಲ್ಲಿ ನಾಯಕ ಪಾತ್ರದ ಕ್ಲೇಟನ್ ಮೂರ್ ಹೋಗಿ ಕೆಲಕಾಲ ಜಾನ್ ಹಾರ್ಟ್ ಎಂಬವನು ಬಂದನು. ಮುಖವಾಡದ ಕೆಳಗೆ ಮನುಷ್ಯ ಬದಲಾದರೂ ಕಥೆ ನಡೆಯಿತು. ಮುಖವಾಡವಿಲ್ಲದ ಟಾಂಟೊ ಮಾತ್ರ ಬದಲಾಗಲಿಲ್ಲ. 1955ರಲ್ಲಿ ಆತನಿಗೆ ಹೃದಯಾಘಾತವಾದಾಗ ಬೇರೊಬ್ಬ ಟಾಂಟೊವನ್ನು ತರದೆ, ನಾಯಕನ ಸೋದರನ ಮಗನ ಪಾತ್ರವನ್ನು ಮುಂದೆ ತಂದು ಕೆಲವು ಸಂಚಿಕೆಗಳನ್ನು ನಡೆಸಿದರು. ಯಾರು ಯಾರ ಬೆಂಬಲದಿಂದ ನಿಂತಿದ್ದರೆಂಬುದು ಇದರಿಂದಲೇ ತಿಳಿಯುತ್ತದೆ.

ಆತನಿಗೆ ಬೇರೆ ಪಾತ್ರಗಳ ಶಕ್ತಿಯಿರಲಿಲ್ಲವೆಂದಲ್ಲ. 1950ರ ಬ್ರೋಕನ್ ಆ್ಯರೋ ಚಿತ್ರದಲ್ಲಿ ಅಪಾಚಿ ವೀರ ಜೆರಾನಿಮೊ ಆಗಿ ಆತನು ನಟಿಸಿದನು. ಅದೇ ಚಿತ್ರದಲ್ಲಿ ಅಪಾಚಿಗಳ ಮುಖ್ಯನಾಯಕ ಕೊಚೀಸನ ದೊಡ್ಡ ಪಾತ್ರ ಮಾತ್ರ ಜೆಫ್ ಚಾಂಡ್ಲರ್ ಎಂಬ ಬಿಳಿಯನಿಗೆ ಹೋಯಿತು. ಆಸ್ಕರ್ ಪಟ್ಟಿಗೆ ಹೆಸರೂ ಆತನದೇ ಹೋಯಿತು. ಟಾಂಟೊ ಮುಗಿದ ಮೇಲೆ ಸಿಲ್ವರ್‌ಹೀಲ್ಸನಿಗೆ ದೊರೆತದ್ದು ಬಹುಮಟ್ಟಿಗೆ ಸಣ್ಣ ಪುಟ್ಟ ವೇಷಗಳು. ಪಾತ್ರದ ಬಗ್ಗೆ ಆತನಿಗಿದ್ದ ಅಸಮಾಧಾನ ಗುಟ್ಟಾಗಿರಲಿಲ್ಲ. 1969ರಲ್ಲಿ ಜಾನಿ ಕಾರ್ಸನ್‌ನ ಕಾರ್ಯಕ್ರಮದಲ್ಲಿ, ಕೆಲಸ ಹುಡುಕಿಕೊಂಡು ಬಂದ ಟಾಂಟೊ ಆಗಿ ಕಾಣಿಸಿಕೊಂಡು ಹಳೆಯ ಒಡೆಯನನ್ನು ಗೇಲಿ ಮಾಡಿ ಜನರನ್ನು ನಗಿಸಿದನು. ಈ ಬಾರಿ ನಗೆಯ ಕಡಿವಾಣ ಆತನ ಕೈಯಲ್ಲಿತ್ತು.

ಟಾಂಟೊ ಮೂಲನಿವಾಸಿಗಳಿಗೆ ಅವಮಾನವೆಂದು ಮುಂದೆ ಹಲವರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ಆದರೆ ಆತನು ಒಲ್ಲೆನೆಂದಿದ್ದರೆ ಯಾವನೋ ಬಿಳಿಯನು ಕೆಂಪು ಬಣ್ಣ ಬಳಿದುಕೊಂಡು ಆ ಜಾಗದಲ್ಲಿ ನಿಲ್ಲುವ ಸಂಭವವಿತ್ತು. ಆ ಕಾಲದ ರೂಢಿ ಅದೇ. ಒಳಗೆ ಹೋಗಿ ಗಳಿಸಿದ ಸ್ಥಾನವನ್ನು ಆತನು ಏನು ಮಾಡಿದನೆಂಬುದು ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. 1960ರ ದಶಕದಲ್ಲಿ ಲಾಸ್ ಏಂಜಲೀಸ್ ನಗರದ ಎಕೊ ಪಾರ್ಕ್ ಬಡಾವಣೆಯಲ್ಲಿ ಮೂಲನಿವಾಸಿ ತರುಣರಿಗಾಗಿ ಒಂದು ನಟನಾಶಾಲೆಯನ್ನು ಆತನು ಇತರರೊಡನೆ ಸೇರಿ ನಿಲ್ಲಿಸಿದನು. ತನಗೆ ಯಾರೂ ಕಲಿಸದ ವಿದ್ಯೆಯನ್ನು ಹಿಂದೆ ಬರುವವರಿಗೆ ಕಲಿಸಿದನು. ಮೂಲನಿವಾಸಿಯ ಪಾತ್ರವನ್ನು ಮೂಲನಿವಾಸಿಯೇ ಮಾಡಬೇಕೆಂಬುದು ಆ ಶಾಲೆಯ ಹಂಬಲವಾಗಿತ್ತು.

1971ರಲ್ಲಿ ಆತನು ಸ್ಮಿತ್ ಎಂಬ ಹೆಸರನ್ನು ಬಿಟ್ಟು ಜೇ ಸಿಲ್ವರ್‌ಹೀಲ್ಸ್ ಎಂಬುದನ್ನೇ ಕಾನೂನಿನ ಪ್ರಕಾರ ತನ್ನ ಹೆಸರಾಗಿ ಮಾಡಿಕೊಂಡನು. ಕೊನೆಯ ವರ್ಷಗಳಲ್ಲಿ ಕುದುರೆಗಾಡಿಯ ಪಂದ್ಯಗಳು ಆತನ ಹವ್ಯಾಸವಾದವು. 1979ರಲ್ಲಿ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಆತನ ಹೆಸರಿನ ನಕ್ಷತ್ರವನ್ನು ಹುದುಗಿಸಿದರು. ಮರುವರ್ಷ, 1980ರ ಮಾರ್ಚ್ 5ರಂದು, 67ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಚಿತಾಭಸ್ಮವನ್ನು ಗ್ರ್ಯಾಂಡ್ ನದಿಯ ಹುಟ್ಟುನೆಲಕ್ಕೆ ಒಯ್ದರು. 1997ರಲ್ಲಿ ಕೆನಡಾದ ಲಕ್ರಾಸ್ ಗೌರವಮಂದಿರದಲ್ಲಿ ಆತನ ಹೆಸರು ಸೇರಿತು. ಅಲ್ಲಿ ಆತನು ಯಾರ ಸಂಗಾತಿಯೂ ಅಲ್ಲ. ಸ್ವಂತ ಕಾಲಿನ ಬಲದಿಂದ ಓಡಿ ಗೆದ್ದವನು.

ಬಡತನದಿಂದ ಬಂದವರಿಗೆ ಮೊದಲು ದೊರೆಯುವ ಬಾಗಿಲು ಬಹುಶಃ ತಗ್ಗಾಗಿಯೇ ಇರುತ್ತದೆ. ತಲೆ ಬಗ್ಗಿಸಿಯೇ ಒಳಹೋಗಬೇಕು. ಒಳಹೋದ ಮೇಲೆ ಬೆನ್ನು ನೆಟ್ಟಗೆ ಮಾಡಿ, ಹಿಂದೆ ಬರುವವರಿಗಾಗಿ ಬಾಗಿಲನ್ನು ಒಂದು ಗೇಣು ಎತ್ತರಿಸಿದವರು ವಿರಳ. ಆ ವಿರಳರಲ್ಲಿ ಸಿಲ್ವರ್‌ಹೀಲ್ಸ್ ಒಬ್ಬನು. ಪದವಿ ಮುಗಿಸಿ ಹೊರಡಲಿರುವ ನಮ್ಮಂಥವರು ಆತನ ಬಾಳನ್ನು ಒಮ್ಮೆ ನೆನೆಯುವುದು ಉಚಿತವೆಂದು ನನ್ನ ನಂಬಿಕೆ.